ಫೋನಿನೊಳಗಿನ ಗುಮಾಸ್ತ

ಮಕ್ಕಳೇ, ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕಿನಲ್ಲಿ ಚೆಕ್ ಪಾಸು ಮಾಡುತ್ತಿದ್ದುದು ಹೇಗೆ, ಗೊತ್ತೇ? ಖಾತೆ ತೆರೆದ ದಿನವೇ ಗಿರಾಕಿಯ ಮಾದರಿ ಸಹಿಯನ್ನು ಒಂದು ಕಾರ್ಡಿನ ಮೇಲೆ ಹಾಕಿಸಿಕೊಳ್ಳುತ್ತಿದ್ದೆವು. ಚೆಕ್ ಬಂದಾಗ ಆ ಕಾರ್ಡು ತೆಗೆದು ಎರಡೂ ಸಹಿ ತಾಳೆ ನೋಡುವುದು. ತಾಳೆಯಾದರೆ ಹಣ, ಇಲ್ಲದಿದ್ದರೆ ಚೆಕ್ ವಾಪಸ್.

ನಿಮ್ಮ ಮನೆಯ ಆಂಡ್ರಾಯ್ಡ್ ಫೋನಿನೊಳಗೂ ಅಂಥ ಗುಮಾಸ್ತನೊಬ್ಬ ಕೂತಿದ್ದಾನೆ. ಅವನ ಹೆಸರು ಬೂಟ್‌ಲೋಡರ್. ಫೋನ್ ಆನ್ ಮಾಡಿದ ಕೂಡಲೇ ಮೊದಲು ಏಳುವವರಲ್ಲಿ ಅವನೊಬ್ಬ. ಫೋನನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಮೇಲೆ ಕಂಪನಿಯ ಡಿಜಿಟಲ್ ಸಹಿ ಇದೆಯೇ ಎಂದು ಪರೀಕ್ಷಿಸಿ, ಆಮೇಲೆ ಒಳಗೆ ಬಿಡುತ್ತಾನೆ. 2016ರ ಆಂಡ್ರಾಯ್ಡ್ 7ರಿಂದ ಈ ತಪಾಸಣೆ ಕಟ್ಟುನಿಟ್ಟಾಯಿತು. ನಾವು ಬೆರಳೊತ್ತಿ ತೆಗೆಯುವ ಪರದೆಯ ಬೀಗ ಬೇರೆ, ಇದು ಬೇರೆ.

ಕೆಲವರಿಗೆ ಕಂಪನಿ ಕೊಟ್ಟ ವ್ಯವಸ್ಥೆ ಬೇಡವೆನಿಸುತ್ತದೆ. ತಮ್ಮ ಖಾಸಗಿ ವಿಷಯ ಕಂಪನಿಗೆ ಹೋಗುವುದು ಕಡಿಮೆಯಾಗಲಿ ಎಂದು ಬೇರೊಂದನ್ನು ಹಾಕಿಕೊಳ್ಳುತ್ತಾರೆ. ಗೂಗಲ್‌ನ ಪಿಕ್ಸೆಲ್ ಫೋನುಗಳಿಗೆ ಸಿಗುವ ಗ್ರಾಫೀನ್‌ಓಎಸ್ ಅಂಥದೊಂದು ಉಚಿತ ವ್ಯವಸ್ಥೆ. ಅದನ್ನು ಹಾಕಲು ಮೊದಲು ಬೂಟ್‌ಲೋಡರ್ ಬೀಗ ತೆಗೆಯಬೇಕು. ಎಂದರೆ ಗುಮಾಸ್ತನಿಗೆ ರಜೆ ಕೊಟ್ಟ ಹಾಗೆ. ಆಗ ಫೋನಿನಲ್ಲಿದ್ದ ಫೋಟೋ, ಸಂದೇಶ ಎಲ್ಲವೂ ಅಳಿಸಿಹೋಗುತ್ತವೆ. ಹೀಗೇಕೆ? ಕದ್ದವನು ಬೀಗ ತೆಗೆದು ನಿಮ್ಮ ಗುಟ್ಟು ಓದಬಾರದಲ್ಲ, ಅದಕ್ಕೆ.

ಹೊಸ ವ್ಯವಸ್ಥೆ ಕೂತಿತು, ಫೋನ್ ನಡೆಯುತ್ತಿದೆ. ಬಹಳ ಮಂದಿ ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಆದರೆ ಕೌಂಟರಿನಲ್ಲಿ ಗುಮಾಸ್ತ ಇನ್ನೂ ಇಲ್ಲ! ಫೋನ್ ಬೇರೆಯವರ ಕೈಗೆ ಹತ್ತು ನಿಮಿಷ ಸಿಕ್ಕರೆ, ಅವರು ವ್ಯವಸ್ಥೆಯನ್ನೇ ತಿದ್ದಿ ಏನೂ ಆಗದಂತೆ ಹಿಂತಿರುಗಿಸಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಆದ್ದರಿಂದ ಬೀಗವನ್ನು ಮರಳಿ ಹಾಕಲೇಬೇಕು.

ಹಾಕುವುದಕ್ಕೂ ಕ್ರಮವಿದೆ. ಪಿಕ್ಸೆಲ್‌ನಲ್ಲಿ ಹೊಸ ವ್ಯವಸ್ಥೆಯವರ ಮಾದರಿ ಸಹಿಯನ್ನೂ ಗುಮಾಸ್ತನ ಬಳಿ ಇಡಲು ಜಾಗವಿದೆ. ಗ್ರಾಫೀನ್‌ಓಎಸ್ ಹಾಕುವಾಗ ಅದೂ ಜೊತೆಗೇ ಸೇರುತ್ತದೆ. ಆಮೇಲೆ ಬೀಗ ಹಾಕುವ ಆದೇಶ ಕೊಟ್ಟು, ಫೋನಿನ ಗುಂಡಿಯಿಂದಲೇ ಒಪ್ಪಿಗೆ ಒತ್ತಬೇಕು. ಆಗ ಇನ್ನೊಮ್ಮೆ ಎಲ್ಲ ಅಳಿಸುತ್ತದೆ. ಅದಕ್ಕೇ ಬೀಗ ಹಾಕುವವರೆಗೆ ಫೋಟೋ, ನಂಬರು ಏನನ್ನೂ ತುಂಬಬೇಡಿ. ಫೋನ್ ಸರಿಯಾಗಿ ಎದ್ದಿತೆಂದು ಖಚಿತವಾದ ಮೇಲೆ, ಬೀಗ ತೆಗೆಯಲು ಅನುಮತಿಸುವ ‘ಓಇಎಂ ಅನ್‌ಲಾಕಿಂಗ್’ ಎಂಬ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ.

ಈ ಕ್ರಮ ತಪ್ಪಿದರೆ? ಮಾದರಿ ಸಹಿ ಇಡದೆ ಬೀಗ ಹಾಕಿದರೆ ಗುಮಾಸ್ತ ತನ್ನ ಕೆಲಸ ತಾನು ಮಾಡುತ್ತಾನೆ: ಸಹಿ ತಾಳೆಯಿಲ್ಲ, ವಾಪಸ್! ಫೋನ್ ಏಳುವುದೇ ಇಲ್ಲ. ಆ ಆಯ್ಕೆಯನ್ನೂ ಆಫ್ ಮಾಡಿದ್ದರೆ ಬೀಗ ತೆಗೆದು ಸರಿಪಡಿಸುವ ದಾರಿಯೂ ಮುಚ್ಚಬಹುದು. ಹೊರಗಿನ ಸಹಿ ಇಡಲು ಹಲವು ಕಂಪನಿಗಳ ಫೋನುಗಳಲ್ಲಿ ಜಾಗವೇ ಇಲ್ಲ. ಅಂಥವುಗಳಲ್ಲಿ ಬೇರೆ ವ್ಯವಸ್ಥೆ ಇರುವಾಗ ಬೀಗ ಹಾಕಲು ಹೋಗಲೇಬೇಡಿ.

ಬೀಗ ಬಿದ್ದಿದೆಯೇ ಎಂದು ತಿಳಿಯುವುದು ಸುಲಭ. ಪಿಕ್ಸೆಲ್ ಆನ್ ಮಾಡಿದಾಗ ಕಿತ್ತಳೆ ಬಣ್ಣದ ಎಚ್ಚರಿಕೆ ಕಂಡರೆ ಬೀಗ ತೆರೆದಿದೆ. ಹಳದಿ ಕಂಡರೆ ಬೀಗ ಹಾಕಿದೆ, ಒಳಗಿರುವುದು ಬೇರೆ ವ್ಯವಸ್ಥೆ ಎಂದರ್ಥ. ಹಳದಿ ಪರದೆಯಲ್ಲಿ ಆ ಸಹಿಯ ಗುರುತಿನ ಅಕ್ಷರ-ಅಂಕಿಗಳೂ ಇರುತ್ತವೆ. ಅವನ್ನು ಗ್ರಾಫೀನ್‌ಓಎಸ್‌ನವರು ಪ್ರಕಟಿಸಿರುವುದರೊಂದಿಗೆ ತಾಳೆ ನೋಡಿ. ಹೀಗೆ ನೀವೂ ಒಂದು ನಿಮಿಷ ಗುಮಾಸ್ತರಾಗಬಹುದು.

ಅಜ್ಜ-ಅಜ್ಜಿಯರಿಗೆ ಒಂದು ಮಾತು. ಕೆಲವು ಬ್ಯಾಂಕ್ ಮತ್ತು ಹಣ ಪಾವತಿ ಆ್ಯಪ್‌ಗಳು, ಬೀಗ ಮರಳಿ ಹಾಕಿದ್ದರೂ, ಬೇರೆ ವ್ಯವಸ್ಥೆಯಲ್ಲಿ ನಡೆಯುವುದಿಲ್ಲ. ಆದ್ದರಿಂದ ಪಿಂಚಣಿ ನೋಡುವ ಫೋನನ್ನು ಮೊಮ್ಮಕ್ಕಳ ಪ್ರಯೋಗಕ್ಕೆ ಕೊಡಬೇಡಿ. ಕಪಾಟಿನಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಫೋನಿದ್ದರೆ ಧಾರಾಳವಾಗಿ ಕೊಡಿ, ಪಕ್ಕದಲ್ಲಿ ಕೂತು ನೋಡಿ.

ಮಕ್ಕಳೇ, ನಿಮಗೂ ಒಂದು ಕೆಲಸ. ಯಾವ ಬೀಗಕ್ಕೂ ಕೈ ಹಾಕುವ ಮುನ್ನ ಆ ಫೋನಿನ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ನಕಲು ಮಾಡಿ, ತೆರೆದು ತೋರಿಸಿ, ಅಜ್ಜಿಯಿಂದ ‘ಎಲ್ಲ ಬಂದಿದೆ’ ಎಂದು ಹೇಳಿಸಿಕೊಳ್ಳಿ. ಅಳಿಸಿದ ಮೇಲೆ ಯಾವ ಗುಮಾಸ್ತನೂ ಅವನ್ನು ವಾಪಸ್ ಕೊಡಲಾರ.