ಟಪ್ಪಾಲಿನಲ್ಲಿ ಅಡಗಿದ ವೈರಿ

2016ನೆಯ ಇಸವಿ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕು ನ್ಯೂಯಾರ್ಕಿನಲ್ಲಿರಿಸಿದ್ದ ಹಣದಲ್ಲಿ ಸುಮಾರು 95 ಕೋಟಿ ಡಾಲರುಗಳನ್ನು ಅಪಹರಿಸಲು ಹವಣಿಸಿದ ಕಳ್ಳರು, 8 ಕೋಟಿ 10 ಲಕ್ಷ ಡಾಲರುಗಳನ್ನು ಫಿಲಿಪ್ಪೀನ್ಸಿಗೆ ಸಾಗಿಸಿಬಿಟ್ಟರು. ಬೀಗ ಮುರಿಯಲಿಲ್ಲ, ಪಹರೆಯವನನ್ನು ಕಟ್ಟಿಹಾಕಲಿಲ್ಲ. ಅಮೇರಿಕದ ಸರಕಾರವು 2018ರಲ್ಲಿ ಬಹಿರಂಗಪಡಿಸಿದ ಆಪಾದನೆಯ ಪ್ರಕಾರ, ಕನ್ನ ಕೊರೆಯುವ ಕೆಲಸವು ಒಂದು ವರ್ಷ ಮುಂಚಿತವಾಗಿಯೇ, ನೌಕರಿಯನ್ನು ಬೇಡುವ ವಿನಯಪೂರ್ವಕವಾದ ಮಿಂಚಂಚೆಗಳಿಂದ ಮೊದಲಾಗಿತ್ತು. ಅರ್ಜಿದಾರನ ಯೋಗ್ಯತಾವಿವರವೆಂದು ತೋರಿಸಿದ ಕಡತದಲ್ಲಿ ವೈರಿಯು ಹೊಂಚುಹಾಕಿದ್ದನು.

ಇಂತಹ ಅನಾಹುತವಾದಾಗಲೆಲ್ಲಾ ಕಡತವನ್ನು ತೆರೆದ ಗುಮಾಸ್ತನ ಮೇಲೆ ತಪ್ಪು ಹೊರಿಸುವುದು ಮೇಲಧಿಕಾರಿಗಳ ವಾಡಿಕೆ. ಇದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ. ಬಂದ ಅರ್ಜಿಯನ್ನು ತೆರೆದು ನೋಡುವುದೇ ಆತನ ಕರ್ತವ್ಯ. ತೆರೆಯದಿದ್ದರೆ ಪ್ರಜೆಗಳ ಕೆಲಸ ನಡೆಯುವುದೆಂತು? 2000ನೆಯ ಇಸವಿ ಮೇ ತಿಂಗಳಲ್ಲಿ ಜಗತ್ತನ್ನೆಲ್ಲಾ ಕಾಡಿದ ‘ಐ ಲವ್ ಯೂ’ ಎಂಬ ಪಿಡುಗು ಪ್ರೇಮಪತ್ರದ ವೇಷದಲ್ಲಿ ಬಂದಿತು. ಅದರ ನಿಜಸ್ವರೂಪವನ್ನು ತಿಳಿಸುವ, ಹೆಸರಿನ ಕಡೆಯ ಅಕ್ಷರಗಳನ್ನು ಗಣಕಯಂತ್ರವೇ ಮರೆಮಾಡುತ್ತಿದ್ದುದರಿಂದ, ಅದು ಕಣ್ಣಿಗೆ ಸಾದಾ ಬರಹವೆಂದೇ ತೋರಿತು. ಯಂತ್ರವೇ ಮುಚ್ಚಿಟ್ಟುದನ್ನು ಕಾಣಲಿಲ್ಲವೆಂದು ಗುಮಾಸ್ತನನ್ನು ದಂಡಿಸುವುದುಂಟೆ?

ಕಾವಲು ಹೆಬ್ಬಾಗಿಲಿನಲ್ಲಿರಬೇಕು. ಹೊರಗಿನಿಂದ ಬಂದ ಪ್ರತಿಯೊಂದು ಕಡತವನ್ನೂ ಒಳಗಿನ ಜಾಲದ ಸಂಪರ್ಕವಿಲ್ಲದ ಪ್ರತ್ಯೇಕ ಯಂತ್ರದಲ್ಲಿ ಮೊದಲು ಪರೀಕ್ಷಿಸತಕ್ಕದ್ದು. ಅದರಲ್ಲಿ ಹುದುಗಿರುವ ‘ಮ್ಯಾಕ್ರೋ’ ಮೊದಲಾದ ಆಜ್ಞಾವಳಿಗಳನ್ನು ಕಿತ್ತು, ಬರಹವನ್ನೂ ಚಿತ್ರಗಳನ್ನೂ ಮಾತ್ರ ಹೊಸ ಕಡತವಾಗಿ ಕಟ್ಟಿ ಒಳಕ್ಕೆ ಕಳುಹಿಸತಕ್ಕದ್ದು. ಖಜಾನೆಯ ಯಂತ್ರಕ್ಕೂ ಟಪ್ಪಾಲಿನ ಯಂತ್ರಕ್ಕೂ ನಡುವೆ ಭದ್ರವಾದ ಗೋಡೆಯಿರತಕ್ಕದ್ದು. ಇದಕ್ಕೆ ವೆಚ್ಚ ತಗಲುವುದು ನಿಜ. ಆದರೆ ಬೀಗಕ್ಕೆ ಹಣವಿಲ್ಲವೆನ್ನುವವನು ತಿಜೋರಿಯನ್ನು ಇಟ್ಟುಕೊಳ್ಳಲು ಅರ್ಹನಲ್ಲ.

ಇಷ್ಟಾದರೂ ವೈರಿಯು ಒಮ್ಮೊಮ್ಮೆ ನುಸುಳಿಯಾನು. ಆಗ ನಮ್ಮನ್ನು ಕಾಯುವುದು ತ್ವರೆಯೊಂದೇ. ಇಂತಹ ಘಟನೆಗಳು ಗಮನಕ್ಕೆ ಬಂದ 6 ಗಂಟೆಗಳೊಳಗಾಗಿ ವರದಿ ಮಾಡಬೇಕೆಂದು ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲಿನಲ್ಲಿ ವಿಧಿಸಿದೆ. ಆದರೆ ‘ತೆರೆಯಬಾರದುದನ್ನು ತೆರೆದೆನೇನೋ’ ಎಂಬ ಶಂಕೆಯು ಮೊದಲು ಹುಟ್ಟುವುದು ಗುಮಾಸ್ತನ ಮನಸ್ಸಿನಲ್ಲಿ. ಅಮಾನತ್ತಿನ ಭಯದಿಂದ ಆತನು ಬಾಯಿ ಮುಚ್ಚಿಕೊಂಡರೆ, 6 ಗಂಟೆಗಳಲ್ಲ, 6 ತಿಂಗಳು ಕಳೆದರೂ ಮೇಲಿನವರಿಗೆ ಸುದ್ದಿ ಮುಟ್ಟದು; ಅಷ್ಟರಲ್ಲಿ ವೈರಿಯು ಮನೆಯವನೇ ಆಗಿರುವನು.

ಆದುದರಿಂದ, ಒಡನೆ ಬಂದು ಹೇಳಿದವನಿಗೆ ಅಭಯವೆಂಬ ಲಿಖಿತ ಆಜ್ಞೆಯು ಪ್ರತಿಯೊಂದು ಕಚೇರಿಯಲ್ಲಿಯೂ ಹೊರಡಬೇಕೆಂದು ನಾವು ಅಧಿಕಾರಿವರ್ಗವನ್ನು ಒತ್ತಾಯಪಡಿಸುತ್ತೇವೆ. ಅದಕ್ಕೆ ಬೊಕ್ಕಸದ ಒಂದು ಕಾಸೂ ಬೇಕಿಲ್ಲ. ಅಧಿಕಾರದ ಗರ್ವವನ್ನು ಕೊಂಚ ಬಿಟ್ಟರೆ ಸಾಕು. ಕಚೇರಿಯ ದಾಖಲೆಗಳೂ ಖಜಾನೆಯೂ ಅಧಿಕಾರಿಗಳ ಸ್ವಂತದ್ದಲ್ಲ, ಪ್ರಜೆಗಳದು.