ಗಿಡ್ಡ ಅಡಿಕೆ ಸಸಿ ಕೊಳ್ಳುವ ಮುನ್ನ ಅದರ ಅಪ್ಪ-ಅಮ್ಮ ಯಾರೆಂದು ಕೇಳಿ

ಸಂತೇಬೆನ್ನೂರು ಸುತ್ತಮುತ್ತ ಅಡಿಕೆ ಬೆಳೆಯುವವರಿಗೆ ನೀರಿನ ಚಿಂತೆ ಬಿಟ್ಟರೆ ಮುಂದಿನ ಚಿಂತೆ ಮರ ಹತ್ತುವವರದ್ದು. ಹತ್ತುವವರು ಸಿಗುವುದು ಕಷ್ಟ. ಮೇಲಿಂದ ಬಿದ್ದರೆ ಒಂದು ಮನೆಯೇ ಕುಸಿಯುತ್ತದೆ. ಹಾಗಾಗಿ ‘ಗಿಡ್ಡ ಅಡಿಕೆ, ನಿಂತಲ್ಲೇ ಗೊನೆ ಕೊಯ್ಯಬಹುದು’ ಎಂದರೆ ಯಾರಿಗಾದರೂ ಆಸೆ ಹುಟ್ಟುತ್ತದೆ.

ಗಿಡ್ಡ ತಳಿ ಬೇಡ ಎಂದು ನಾನು ಹೇಳುತ್ತಿಲ್ಲ. ಮೂಲ ಗೊತ್ತಿಲ್ಲದ ಗಿಡ್ಡ ಸಸಿ ಬೇಡ ಎನ್ನುತ್ತಿದ್ದೇನೆ.

ಕಾಶ್ಮೀರ, ಹಿಮಾಚಲದ ಸೇಬು ತೋಟಗಳನ್ನು ನೋಡಿ. ಅಲ್ಲಿ ಮರದ ಎತ್ತರವನ್ನು ನಿರ್ಧರಿಸುವುದು ಕಸಿಯ ಕೆಳಗಿನ ಬೇರುಸಸಿ. ಎಂ-9 ಎಂಬ ಬೇರುಸಸಿ ಹಾಕಿದರೆ ಮರ ಗಿಡ್ಡವಾಗುತ್ತದೆ, ಬೇಗ ಫಸಲು ಬರುತ್ತದೆ. ಆದರೆ ಬೇರು ಆಳಕ್ಕೆ ಇಳಿಯದ ಕಾರಣ ಆಸರೆ ಕಂಬವೂ ತಪ್ಪದ ನೀರೂ ಬೇಕು. ಎಂಎಂ-111 ಹಾಕಿದರೆ ಮರ ದೊಡ್ಡದು, ಒಣಭೂಮಿಯನ್ನೂ ತಡೆಯುತ್ತದೆ. ಅಲ್ಲಿನ ರೈತ ತನ್ನ ನೆಲ, ನೀರು ನೋಡಿ ಆರಿಸಿಕೊಳ್ಳುತ್ತಾನೆ.

ನಮಗೆ ಆ ದಾರಿ ಇಲ್ಲ. ಅಡಿಕೆ ತೆಂಗಿನ ಹಾಗೆ ತಾಳೆ ಜಾತಿಯ ಮರ, ಅದಕ್ಕೆ ಕಸಿ ಕಟ್ಟಲಾಗದು. ಗಿಡ್ಡತನ ಬೀಜದಲ್ಲೇ ಬರಬೇಕು. ತುಮಕೂರು ಬಳಿಯ ಹಿರೇಹಳ್ಳಿಯಲ್ಲಿ ಹುಟ್ಟಿನಿಂದಲೇ ಗಿಡ್ಡವಾದ ಅಡಿಕೆ ಸಿಕ್ಕಿತ್ತು. ಅದರ ಇಳುವರಿ ಕಡಿಮೆ, ಕಾಯಿಯ ಗುಣವೂ ಅಷ್ಟಕ್ಕಷ್ಟೆ. ವಿಟ್ಲದ ಸಿಪಿಸಿಆರ್‌ಐ ಕೇಂದ್ರದವರು ಅದನ್ನು ಸುಮಂಗಳ ಮತ್ತು ಮೋಹಿತ್‌ನಗರ ತಳಿಗಳ ಜೊತೆ ಕೂಡಿಸಿ ವಿಟಿಎಲ್‌ಎಎಚ್-1, ವಿಟಿಎಲ್‌ಎಎಚ್-2 ಎಂಬ ಎರಡು ಗಿಡ್ಡ ಹೈಬ್ರಿಡ್ ಮಾಡಿದರು.

ಈಗ ಲೆಕ್ಕಕ್ಕೆ ಬನ್ನಿ. ಈ ಹೈಬ್ರಿಡ್‌ಗಳ ಇಳುವರಿ ಮರಕ್ಕೆ ವರ್ಷಕ್ಕೆ ಸುಮಾರು 2.5 ಕೆಜಿ ಚಾಲಿ. ಎತ್ತರದ ಮೋಹಿತ್‌ನಗರದ್ದು 3.5 ಕೆಜಿ ದಾಟುತ್ತದೆ. ಮರಕ್ಕೆ ಒಂದು ಕೆಜಿ ವ್ಯತ್ಯಾಸ. 9 ಅಡಿ ಅಂತರದಲ್ಲಿ ಎಕರೆಗೆ 530ರಷ್ಟು ಮರ ಹಿಡಿದರೆ 5 ಕ್ವಿಂಟಾಲ್ ಆಯಿತು. ಉಳಿಯುವ ಕೊಯ್ಲಿನ ಕೂಲಿ ಆ 5 ಕ್ವಿಂಟಾಲ್‌ಗೆ ಸಮವೇ? ಇನ್ನೊಂದು ಮಾತು: ಈ ಅಂಕಿ ಹಣ್ಣಡಿಕೆ ಒಣಗಿಸಿದ ಚಾಲಿಯದು. ನಾವು ಹಸಿಕಾಯಿ ಕೊಯ್ದು, ಬೇಯಿಸಿ ರಾಶಿ ಇಡಿ ಮಾಡುವವರು. ನಮ್ಮ ಲೆಕ್ಕ ನಮ್ಮ ನೆಲದಲ್ಲೇ ನೋಡಬೇಕು.

ದೊಡ್ಡ ಅಪಾಯ ಸಸಿಯದು. ಅಡಿಕೆ ಹಿಂಗಾರದಲ್ಲಿ ಗಂಡು ಹೂ ಮೊದಲು ಅರಳುತ್ತದೆ, ಹೆಣ್ಣು ಹೂ ಆಮೇಲೆ. ಹೀಗಾಗಿ ಪರಾಗ ಹೆಚ್ಚಾಗಿ ಪಕ್ಕದ ಮರದ್ದು. ಯಾರದೋ ತೋಟದ ಗಿಡ್ಡ ಮರದಿಂದ ಗೋಟು ತಂದು ಸಸಿ ಮಾಡಿದರೆ ತಾಯಿ ಗೊತ್ತು, ತಂದೆ ಗೊತ್ತಿಲ್ಲ. ಹೈಬ್ರಿಡ್ ಮರದ ಬೀಜವಾದರೂ ಮಕ್ಕಳೆಲ್ಲ ತಾಯಿಯಂತೆ ಬರುವುದಿಲ್ಲ. ಕೆಲವು ಗಿಡ್ಡ, ಕೆಲವು ಎತ್ತರ, ಕೆಲವು ಬರಡು. ಅದು ಗೊತ್ತಾಗುವ ಹೊತ್ತಿಗೆ ನಾಲ್ಕೈದು ವರ್ಷ, ಬೋರ್‌ವೆಲ್ ನೀರು, ಗೊಬ್ಬರ ಎಲ್ಲ ಸುರಿದಾಗಿರುತ್ತದೆ.

ಆದ್ದರಿಂದ ಗಿಡ್ಡ ತಳಿ ಬೇಕೆಂದವರು ಮೊದಲು 20-25 ಸಸಿ ಮಾತ್ರ ಹಾಕಿ. ಯಾವ ಕೇಂದ್ರದ್ದು, ಯಾವ ತಳಿ ಎಂದು ಬರೆದ ಬಿಲ್ ಪಡೆಯಿರಿ. ಬಿಲ್ ಕೊಡದವರಲ್ಲಿ ಕೊಳ್ಳಬೇಡಿ. ಅರ್ಧ ಎಕರೆಯಲ್ಲಿ ತಾವೇ ದುಡಿಯುವವರಿಗೆ, ವಯಸ್ಸಾದವರಿಗೆ ಗಿಡ್ಡ ಅಡಿಕೆ ಒಪ್ಪೀತು. ಹೆಚ್ಚು ತೋಟ ಇರುವವರಿಗೆ ಎತ್ತರದ ಒಳ್ಳೆಯ ತಳಿ, ನೆಲದಿಂದಲೇ ಕೊಯ್ಯುವ ಫೈಬರ್ ದೋಟಿ ಮೇಲು ಎಂಬುದು ನನ್ನ ಅನಿಸಿಕೆ.

ಇದನ್ನು ಒಬ್ಬೊಬ್ಬ ರೈತನ ತಲೆಗೆ ಬಿಡುವುದೂ ಸರಿಯಲ್ಲ. ಅಡಿಕೆ ಮಾರಾಟದಲ್ಲಿ ಹೆಸರು ಮಾಡಿದ ಚನ್ನಗಿರಿಯ ತುಮ್‌ಕೋಸ್‌ನಂಥ ಸಹಕಾರ ಸಂಘ, ತೋಟಗಾರಿಕೆ ಇಲಾಖೆ ಸೇರಿ ಇಲ್ಲೇ ಗಿಡ್ಡ, ಎತ್ತರ ಎರಡನ್ನೂ ಪಕ್ಕಪಕ್ಕ ಬೆಳೆಸಿ ತೋರಿಸಲಿ. ಮುಂದಿನ ಸಂಘದ ಸಭೆಯಲ್ಲಿ ಈ ಮಾತನ್ನು ನೀವೇ ಎತ್ತಿ.