ರೋಗ ಅವನದು, ಮಾತು ಮಾತ್ರ ನಮ್ಮ ಜೊತೆ

ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದ ಹುಡುಗನಿಗೆ 19ನೇ ವಯಸ್ಸಿನಲ್ಲಿ ಬ್ಲಡ್ ಕ್ಯಾನ್ಸರ್ ಬಂತು. ಮೊದಲು ಜ್ವರ, ಆಮೇಲೆ ಒಸಡಿನಲ್ಲಿ ರಕ್ತ, ಕಾಲ ಮೇಲೆ ಕೆಂಪು ಚುಕ್ಕೆ. ಹಾಸ್ಟೆಲ್ ಊಟದ ಪ್ರಭಾವ ಅಂತ ನಾವೇ ಗೇಲಿ ಮಾಡಿದ್ದೆವು. ಕೊನೆಗೆ ದೊಡ್ಡಾಸ್ಪತ್ರೆಗೆ ಹೋದಾಗ ಡಾಕ್ಟರ ಮೇಜಿನ ಮುಂದೆ ಮೂವರು ನಿಂತಿದ್ದೆವು. ಅವನು, ಕೂಲಿ ಮಾಡುವ ಅವನ ಅಪ್ಪ, ಬಿ.ಎ. ಮಾಡಿದ ನಾನು. ಡಾಕ್ಟರು ರಿಪೋರ್ಟ್ ನೋಡಿದರು, ಅಪ್ಪನ ಬಟ್ಟೆ ನೋಡಿದರು, ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡಿದರು. ಅಪ್ಪನಿಗೆ ಕನ್ನಡದಲ್ಲಿ ಹೇಳಿದ್ದು ಒಂದೇ ಮಾತು: "ರಕ್ತ ಕೊಡೋ ಜನನ್ನ ರೆಡಿ ಮಾಡ್ಕೋ." ಅವನಿಗೆ ಹೇಳಿದ್ದು: "ಏನಿಲ್ಲ ಹೋಗೋ, ಹೊರಗೆ ಕೂತ್ಕೋ."

ಅಪ್ಪ ಕೈಮುಗಿದು "ಆಗ್ಲಿ ಬುದ್ಧೀ" ಅಂದ. ಊರಲ್ಲಿ ಗೌಡರ ಜಗಲಿ ಕೆಳಗೆ ನಿಂತು ಅನ್ನುತ್ತಿದ್ದ ಅದೇ ಬುದ್ಧಿ. ಜಗಲಿ ಬದಲು ಮೇಜು, ಅಷ್ಟೇ.

ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿರುವ ಮಾತು ಒಂದೇ. ಕ್ಯಾನ್ಸರ್ ಬಂದ ಎಳೆಯರಿಗೆ ಅವರ ರೋಗದ ಸಂಗತಿಯನ್ನು ಅವರಿಗೇ ಹೇಳಬೇಕು. ಅವರ ಭಾಷೆಯಲ್ಲಿ, ಅವರಿಗೆ ಮರ್ಯಾದೆ ಕೊಟ್ಟು ಹೇಳಬೇಕು. ಸೂಜಿ, ಮಾತ್ರೆಯಂತೆ ಅದೂ ಚಿಕಿತ್ಸೆಯ ಒಂದು ಪಾಲು.

"ಚಿಕ್ಕವರು, ಹೆದರ್ಕೋತಾರೆ, ಹೇಳ್ಬಾರ್ದು" ಎನ್ನುವವರಿದ್ದಾರೆ. 1970ರ ದಶಕದಲ್ಲಿ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಲ್ಯುಕೇಮಿಯಾ ಬಂದ ಮಕ್ಕಳ ಜೊತೆ ಕೂತು, ಆಡಿ, ಅವರ ಮಾತು ಕೇಳಿಸಿಕೊಂಡರು. 1978ರಲ್ಲಿ ಅದನ್ನು ಪುಸ್ತಕ ಮಾಡಿದರು. 3ರಿಂದ 9 ವರ್ಷದ ಆ ಮಕ್ಕಳಿಗೆ, ಯಾರೂ ಹೇಳದಿದ್ದರೂ, ತಾವು ಸಾಯುತ್ತೇವೆಂದು ಗೊತ್ತಾಗಿತ್ತು. ಗೊತ್ತಿದ್ದೂ ಸುಮ್ಮನಿದ್ದವು. ದೊಡ್ಡವರು ಏನೂ ಇಲ್ಲದಂತೆ ನಟಿಸುತ್ತಿದ್ದರು, ಅವರ ಮನಸ್ಸು ನೋಯಬಾರದೆಂದು ಮಕ್ಕಳೂ ನಟಿಸುತ್ತಿದ್ದವು. ಸುಳ್ಳಿನ ಭಾರವನ್ನೂ ಆ ಮಕ್ಕಳೇ ಹೊತ್ತವು.

9 ವರ್ಷದ ಕೂಸಿಗೆ ತಿಳಿಯುವುದು 19ರ ಹುಡುಗನಿಗೆ ತಿಳಿಯದೇ? ವಾರ್ಡಿನ ಬಾಗಿಲ ಮೇಲಿನ ಬೋರ್ಡ್ ಓದಲು ಅವನಿಗೂ ಬರುತ್ತಿತ್ತು. ಆದರೂ ನಾನು ಅವನಿಗೆ ಹೇಳಿದ್ದು, "ರಕ್ತದಲ್ಲಿ ಇನ್ಫೆಕ್ಷನ್ ಕಣೋ, ಹೋಗುತ್ತೆ." ಅವನು "ಹೂಂ" ಅಂದು ಗೋಡೆ ಕಡೆ ತಿರುಗಿ ಮಲಗಿದ. ಡಾಕ್ಟರ ಮೇಲೆ ಮಾತ್ರ ತಪ್ಪು ಹೊರಿಸಿ ನಾನು ಜಾರಿಕೊಳ್ಳಲಾರೆ. ನಾಲ್ಕಕ್ಷರ ಇಂಗ್ಲಿಷ್ ಬಂದದ್ದೇ ತಡ, ನಾನೂ ಅವನಿಗೊಬ್ಬ ಸಣ್ಣ ಬುದ್ಧಿ ಆಗಿಬಿಟ್ಟೆ.

ಒಂದು ರಾತ್ರಿ ಕೇಳಿದ: "ನಂಗೆ ಮುಂದೆ ಮಕ್ಕಳಾಗ್ತವೇನೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕೀಮೋದ ಕೆಲವು ಔಷಧಿಗಳು ಸಂತಾನಶಕ್ತಿಗೆ ಪೆಟ್ಟು ಕೊಡಬಲ್ಲವು. ಹರೆಯಕ್ಕೆ ಬಂದ ಹುಡುಗರಾದರೆ ಚಿಕಿತ್ಸೆಗೆ ಮುಂಚೆ ವೀರ್ಯವನ್ನು ತೆಗೆದಿಡಬಹುದು. ಚಿಕಿತ್ಸೆ ಶುರುವಾಗುವ ಮೊದಲೇ ರೋಗಿಯ ಜೊತೆ ಈ ಮಾತಾಡಬೇಕೆಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2006ರಲ್ಲೇ ಸೂಚನೆ ಹೊರಡಿಸಿತ್ತು. ನಮ್ಮವನನ್ನು ಯಾರೂ ಕೇಳಲಿಲ್ಲ. ಬಡವನ ಮಗ, ಬದುಕಿದರೆ ಸಾಕು ಅಂದುಕೊಂಡರೋ ಏನೋ. ಬದುಕುವುದೆಂದರೆ ಬರೀ ಉಸಿರಾಡುವುದೇ?

ಇನ್ನು ಮಾತ್ರೆಯ ವಿಷಯ. ಅವನಿಗಿದ್ದ ಜಾತಿಯ ಬ್ಲಡ್ ಕ್ಯಾನ್ಸರಿಗೆ ಆಸ್ಪತ್ರೆಯ ಚಿಕಿತ್ಸೆ ಮುಗಿದ ಮೇಲೂ ಸುಮಾರು 2 ವರ್ಷ ಮನೆಯಲ್ಲೇ ದಿನಾ ಮಾತ್ರೆ ನುಂಗಬೇಕು. ಕೂದಲು ಮತ್ತೆ ಬಂದಿರುತ್ತದೆ, ಮೈ ತುಂಬಿಕೊಂಡಿರುತ್ತದೆ. ಆದರೂ ಕಣ್ಣಿಗೆ ಕಾಣದ ರೋಗದ ಕಣ ಎಲ್ಲೋ ಅವಿತಿರಬಹುದು. ಅದಕ್ಕೇ ಆ ಮಾತ್ರೆ. ಈ "ಅದಕ್ಕೇ" ಅನ್ನುವುದನ್ನು ಅವನಿಗೆ ಯಾರೂ ಬಿಡಿಸಿ ಹೇಳಲಿಲ್ಲ. "ಬಿಡದೆ ತಗೋ" ಅಂದರು, ಅಷ್ಟೇ. ಇನ್ಫೆಕ್ಷನ್ ವಾಸಿಯಾಯಿತಲ್ಲ ಅಂತ ಅವನು ಒಂದು ದಿನ ತಗೊಂಡ, ಎರಡು ದಿನ ಬಿಟ್ಟ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಪ್ರಕಾರ, 100ಕ್ಕೆ 95 ದಿನವಾದರೂ ಈ ಮಾತ್ರೆ ನುಂಗದ ಮಕ್ಕಳಲ್ಲಿ ರೋಗ ಮರುಕಳಿಸುವುದು ಹೆಚ್ಚು. ಅವನಿಗೂ ಮರಳಿ ಬಂತು. ಮಾತ್ರೆ ಬಿಟ್ಟದ್ದಕ್ಕೇ ಬಂತು ಅಂತ ನಾನು ಹೇಳಲಾರೆ. ಆದರೆ ಆ ಅನುಮಾನ ನನ್ನನ್ನು ಬಿಟ್ಟಿಲ್ಲ. ಅವನು ಈಗಿಲ್ಲ.

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ 100 ಮಕ್ಕಳಲ್ಲಿ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ, ಬಡ ದೇಶಗಳಲ್ಲಿ ಈ ಲೆಕ್ಕ ತೀರಾ ಕೆಳಗಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಡವಾಗಿ ಪತ್ತೆಯಾಗುವುದು, ದುಡ್ಡಿಲ್ಲದಿರುವುದು, ಔಷಧಿ ಸಿಗದಿರುವುದರ ಜೊತೆಗೆ ಅರ್ಧಕ್ಕೇ ಚಿಕಿತ್ಸೆ ಬಿಡುವುದೂ ಒಂದು ಕಾರಣ. ಬಿಟ್ಟು ಹೋದವರನ್ನು "ಈ ಜನಕ್ಕೆ ತಿಳುವಳಿಕೆ ಇಲ್ಲ" ಅಂತ ಬಯ್ಯುತ್ತಾರೆ. ತಿಳುವಳಿಕೆ ಕೊಟ್ಟವರಾರು ಸ್ವಾಮಿ?

ಡಾಕ್ಟರಿಗೆ ಹೊತ್ತಿಲ್ಲ, ಹೊರಗೆ ನೂರಾರು ಜನ ಸಾಲಿನಲ್ಲಿದ್ದಾರೆ. ಒಪ್ಪೋಣ. ಇನ್ನಷ್ಟು ಡಾಕ್ಟರು, ನರ್ಸುಗಳು ಬೇಕೆಂದು ಸರ್ಕಾರವನ್ನು ಕೇಳೋಣ. ಆದರೆ ಅದೇ ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ಒಂದು ದಿನ ಡ್ರಿಪ್ ಹಾಕುತ್ತಾ ಹೇಳಿದರು: "ನೀವು ಡಿಗ್ರಿ ಓದೋರು, ನಿಮಗೇ ಹೇಳ್ತೀನಿ. ಈ ಔಷಧಿ ಮೊದ್ಲು ಸಿಕ್ಕಿದ್ದು ನಿಮ್ಮೂರಲ್ಲೂ ಬೆಳೆಯೋ ನಿತ್ಯಕಲ್ಯಾಣಿ ಗಿಡದಲ್ಲಿ. ಕೈಕಾಲು ಜುಮ್ ಅನ್ಬಹುದು, ಮಲ ಕಟ್ಬಹುದು. ಹಾಗಾದ್ರೆ ಮುಚ್ಚಿಡಬೇಡಿ, ಹೇಳಿ." ಎರಡು ನಿಮಿಷ ಹಿಡಿಯಿತು. ಅವತ್ತು ಸಂಜೆ ಅವನು ಗೆಲುವಾಗಿದ್ದ. "ನಂಗೆ ನೀವು ಅಂದ್ರು ಕಣೋ" ಅಂದ. ಮಾರನೇ ದಿನದಿಂದ ತನ್ನ ನೋವನ್ನು ತಾನೇ ಹೇಳತೊಡಗಿದ. ಆ ಸಿಸ್ಟರನ್ನು ಬೇರೆ ವಾರ್ಡಿಗೆ ಹಾಕಿದ ಮೇಲೆ ಅವನ ಬಾಯಿ ಮತ್ತೆ ಕಟ್ಟಿತು.

ಇದು ಯಾರ ದಯೆಯೂ ಅಲ್ಲ. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಯಾರಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ 17 ಹಕ್ಕುಗಳಿವೆ. ಮೊದಲನೆಯದೇ ಮಾಹಿತಿಯ ಹಕ್ಕು. ರೋಗ ಏನು, ಚಿಕಿತ್ಸೆ ಏನು ಎಂದು ರೋಗಿಗೆ ಗೊತ್ತಿರುವ ಭಾಷೆಯಲ್ಲಿ ತಿಳಿಸಬೇಕು ಎನ್ನುತ್ತದೆ ಅದು. ಕಾಗದದ ಮೇಲಿರುವ ಹಕ್ಕನ್ನು ನೆಲಕ್ಕಿಳಿಸುವುದು ಹೇಗೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಸ್ಟೆಲಿನ ಗೆಳೆಯರೇ, ನಾಳೆ ನಿಮ್ಮ ತಮ್ಮನೋ ತಂಗಿಯೋ ಕೇರಿಯ ಹುಡುಗಿಯೋ ಆ ಮೇಜಿನ ಮುಂದೆ ನಿಲ್ಲಬಹುದು. ಜೊತೆಗೆ ಹೋಗಿ. ಒಂದು ನೋಟ್ ಬುಕ್ ಒಯ್ಯಿರಿ. ಡಾಕ್ಟರು ನಿಮ್ಮ ಹತ್ತಿರ ಇಂಗ್ಲಿಷ್ ಶುರು ಮಾಡಿದರೆ, "ಸಾರ್, ಕನ್ನಡದಲ್ಲಿ ಇವಳಿಗೇ ಹೇಳಿ" ಅನ್ನಿ. ರೋಗದ ಹೆಸರೇನು, ಎಷ್ಟು ದಿನದ ಚಿಕಿತ್ಸೆ, ಮಾತ್ರೆ ಏತಕ್ಕೆ, ಬಿಟ್ಟರೇನಾಗುತ್ತೆ, ಮುಂದೆ ಮಕ್ಕಳಾಗುತ್ತವೆಯೇ, ಇವನ್ನೆಲ್ಲ ಅವಳೇ ಕೇಳಲಿ. ಉತ್ತರವನ್ನು ನೀವು ಬರೆದುಕೊಳ್ಳಿ. ಅವಳು ಅತ್ತರೆ ಅಳಲಿ, ಪಕ್ಕದಲ್ಲಿ ಕೂತಿರಿ.

ನನ್ನ ಗೆಳೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಒಳಗೆ ಅವನ ಜೀವದ ಮಾತು ನಡೆದಿತ್ತು. ಅವತ್ತೇ ನಾನು ಎದ್ದುಹೋಗಿ ಅವನನ್ನು ಒಳಗೆ ಕರೆಯಬೇಕಿತ್ತು. ಕರೆಯಲಿಲ್ಲ. ನೀವಾದರೂ ಕರೆಯಿರಿ.